ಜಿಆರ್‌ಇ ವರ್ಬಲ್‌ನಲ್ಲಿ ಎಷ್ಟು ಬರಬಹುದು?

ಮೂರು ಮಾಕ್ ಟೆಸ್ಟ್‌ಗಳಲ್ಲಿ ವರ್ಬಲ್ (ಇಂಗ್ಲಿಷ್ ಭಾಷೆಯ ವಿಭಾಗ) 149, 156, 152 ಬಂದಿದೆ, ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ನಿಜವಾದ ಜಿಆರ್‌ಇಯಲ್ಲಿ ಎಷ್ಟು ಬರಬಹುದು ಅಂತ ಕೇಳಿದ್ದೀರಿ. ಈ ಮೂರೂ ಒಂದೇ ಕಡೆಯ ಟೆಸ್ಟ್‌ಗಳಾ? ಬೇರೆ ಬೇರೆ ಕಂಪನಿಗಳದ್ದಾದರೆ ಸುಮ್ನೆ ಸರಾಸರಿ ತೆಗೆಯಬೇಡಿ. ಪರೀಕ್ಷೆ ನಡೆಸುವ ಇಟಿಎಸ್‌ನವರೇ ಪವರ್‌ಪ್ರೆಪ್ ಅಂತ ಎರಡು ಟೆಸ್ಟ್ ಉಚಿತವಾಗಿ ಕೊಡುತ್ತಾರೆ, ಅಂದಾಜಿಗೆ ನಾನು ನಂಬುವುದು ಅದನ್ನೇ.

ಅಂಕ ಹೀಗೆ ಏರಿಳಿಯೋದಕ್ಕೆ ಗಾಬರಿಯಾಗಬೇಡಿ. ವರ್ಬಲ್‌ನ ಮೊದಲ ಭಾಗದಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15, ಅಷ್ಟೇ ಅಲ್ವಾ? ಮೊದಲ ಭಾಗ ಹೇಗೆ ಮಾಡಿದಿರಿ ಅನ್ನೋದರ ಮೇಲೆ ಎರಡನೆಯದು ಎಷ್ಟು ಕಷ್ಟ ಇರಬೇಕು ಅಂತ ತೀರ್ಮಾನವಾಗುವುದರಿಂದ, ಶುರುವಿನಲ್ಲಿ ಒಂದೆರಡು ಪ್ರಶ್ನೆ ತಪ್ಪಿದರೂ ಅದರ ಪರಿಣಾಮ ಮುಂದಕ್ಕೂ ಹೋಗಬಹುದು.

ನಾನು ಮಾಡಿದ್ದನ್ನು ಹೇಳುತ್ತೇನೆ. ಟೆಸ್ಟ್ ಬರೆಯುವಾಗಲೇ ಪ್ರತಿ ಉತ್ತರದ ಪಕ್ಕ 'ಗೊತ್ತು', 'ಅನುಮಾನ', 'ಊಹೆ' ಅಂತ ಹಾಳೆಯಲ್ಲಿ ಗುರುತು ಹಾಕುತ್ತಿದ್ದೆ. ಊಹೆ ಮಾಡಿ ಸರಿಯಾದದ್ದು ಜಾಸ್ತಿ ಇದ್ದರೆ ಆ ಅಂಕ ನಿಮ್ಮದಲ್ಲ, ಇನ್ನೊಂದು ದಿನ ಇಳಿಯುತ್ತದೆ. ಎರಡು ಪದ ಆರಿಸುವ ಪ್ರಶ್ನೆಯಲ್ಲಿ ಒಂದೇ ಸರಿ ಆದರೆ ಅಂಕವೇ ಇಲ್ಲ, ಹಾಗಾಗಿ ಅಂಥವನ್ನು ಬೇರೆಯೇ ಬರೆದಿಡಿ, ಅಲ್ಲೇ ಬೇಗ ಮೇಲೆ ಬರಬಹುದು.

ಒಮ್ಮೆ ಬರೆದ ಟೆಸ್ಟನ್ನೇ ಮತ್ತೆ ಬರೆದು ಬಂದ ಅಂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಪ್ರಶ್ನೆ ನೆನಪಿರುತ್ತದೆ. ಒಂದು ಪವರ್‌ಪ್ರೆಪ್ ಈಗ ಬರೆಯಿರಿ, ಇನ್ನೊಂದನ್ನು ಪರೀಕ್ಷೆಗೆ ಒಂದು ವಾರ ಮುಂಚೆಗೆ ಉಳಿಸಿಕೊಳ್ಳಿ. ಮಧ್ಯೆ ನಿಲ್ಲಿಸದೆ, ಪೂರ್ತಿ ಪರೀಕ್ಷೆಯನ್ನೇ ಬರೆಯಿರಿ. ಬಂದ ಅಂಕ ಇಲ್ಲೇ ಹಾಕಿ, ನೋಡೋಣ.