‘ನಾನು ಒಳ್ಳೆ ಡಾಕ್ಟರ್ ಅಲ್ಲ ಅಂತ ಪರೀಕ್ಷೆನೇ ಹೇಳಿದೆ, ಮೇಡಂ’

ಸಲಹೆಗೆಂದು ನನ್ನಲ್ಲಿಗೆ ಬರುವ, ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಎಳೆಯ ಡಾಕ್ಟರುಗಳಿಂದ ಈ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಅದಕ್ಕೇ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅವರು ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ, ಹೊರಗೆ ಓದಿದವರು ಬ್ರಿಟನ್ನಿನಲ್ಲಿ ಡಾಕ್ಟರಾಗಲು ಬರೆಯುವ ಪ್ಲ್ಯಾಬ್ ಪರೀಕ್ಷೆ ಪಾಸಾಗಿ, ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದವರು. ಜಿಪಿ, ಅಂದರೆ ಅಲ್ಲಿನ ಕುಟುಂಬ ವೈದ್ಯೆ ಆಗಬೇಕೆಂಬ ಆಸೆ. ಜಿಪಿ ತರಬೇತಿಗೆ ಈಗ ಸಂದರ್ಶನವಿಲ್ಲ, ಎಂಎಸ್‌ಆರ್‌ಎ ಎಂಬ ಪರೀಕ್ಷೆಯ ಅಂಕದ ಮೇಲೇ ಅಭ್ಯರ್ಥಿಗಳ ಸ್ಥಾನ ನಿರ್ಧಾರ. ಅದರಲ್ಲಿ ಎರಡು ಪತ್ರಿಕೆ. ಒಂದು ವೈದ್ಯಕೀಯ ಜ್ಞಾನದ್ದು. ಇನ್ನೊಂದು ‘ಪ್ರೊಫೆಷನಲ್ ಡೈಲೆಮಾಸ್’. ಇದು ಸಿಚುಯೇಷನಲ್ ಜಡ್ಜ್‌ಮೆಂಟ್ ಟೆಸ್ಟ್, ಅಂದರೆ ಎಸ್‌ಜೆಟಿ. ವಾರ್ಡಿನಲ್ಲಿ ಹೀಗೊಂದು ಸಂದರ್ಭ ಬಂತು, ನೀವು ಏನು ಮಾಡಬೇಕು? ನಾಲ್ಕೈದು ಆಯ್ಕೆಗಳನ್ನು ಸರಿಯಾದದ್ದರಿಂದ ತಪ್ಪಾದದ್ದರವರೆಗೆ ಜೋಡಿಸಿ, ಇಲ್ಲವೇ ಎಂಟರಲ್ಲಿ ಮೂರನ್ನು ಆರಿಸಿ.

ಇವರಿಗೆ ಮೊದಲ ಪತ್ರಿಕೆಯಲ್ಲಿ ಚೆನ್ನಾಗಿಯೇ ಅಂಕ ಬಂದಿತ್ತು. ಎರಡನೆಯದರಲ್ಲಿ ಎರಡು ಸಲವೂ ಕೈಕೊಟ್ಟಿತ್ತು. ‘ಜ್ಞಾನ ಇದೆ, ಮನುಷ್ಯತ್ವ ಇಲ್ಲ ಅಂತ ತಾನೇ ಇದರ ಅರ್ಥ?’ ಎಂದು ವಿಡಿಯೋ ಕರೆಯಲ್ಲಿ ಅತ್ತರು. ನಿದ್ದೆ ಹೋಗಿತ್ತು. ಊರಿಂದ ಅಮ್ಮ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

ಮೊದಲ ಭೇಟಿಗಳು ನಿದ್ದೆ, ಊಟ, ಅಳು ಇವುಗಳಲ್ಲೇ ಕಳೆದವು. ಆಮೇಲೊಂದು ದಿನ, ಅಭ್ಯಾಸಕ್ಕೆ ಮಾಡಿ ತಪ್ಪಿದ ಒಂದು ಪ್ರಶ್ನೆಯನ್ನು ನನಗೆ ಓದಿ ಹೇಳಿ ಎಂದೆ.

ಪ್ರಶ್ನೆ ಹೀಗಿತ್ತು. ಪೆನಿಸಿಲಿನ್ ಅಲರ್ಜಿ ಇರುವ ರೋಗಿಗೆ ನಿಮ್ಮ ಸೀನಿಯರ್ ಅದೇ ಗುಂಪಿನ ಔಷಧಿ ಬರೆದಿದ್ದಾರೆ. ಇನ್ನೇನು ನರ್ಸ್ ಕೊಡಬೇಕು. ಸೀನಿಯರ್ ಮೀಟಿಂಗ್‌ನಲ್ಲಿದ್ದಾರೆ. ಇವರು ಮೊದಲ ಸ್ಥಾನ ಕೊಟ್ಟಿದ್ದು ‘ಮೀಟಿಂಗ್ ಮುಗಿದ ಮೇಲೆ ಸೀನಿಯರ್ ಜೊತೆ ಖಾಸಗಿಯಾಗಿ ಮಾತಾಡುವುದು’ ಎಂಬುದಕ್ಕೆ. ‘ಔಷಧಿ ನಿಲ್ಲಿಸಲು ನರ್ಸ್‌ಗೆ ಹೇಳಿ, ಕೂಡಲೇ ಸೀನಿಯರ್‌ಗೆ ತಿಳಿಸುವುದು’ ಮೂರನೆಯದಾಗಿತ್ತು.

‘ಯಾಕೆ ಹೀಗೆ ಹಾಕಿದಿರಿ?’ ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ‘ಇಂಟರ್ನ್‌ಶಿಪ್‌ನಲ್ಲಿ ಒಂದ್ಸಲ ರೌಂಡ್ಸ್ ನಡೀತಿತ್ತು ಮೇಡಂ. ಕಿಡ್ನಿ ಕೆಟ್ಟಿದ್ದ ರೋಗಿಗೆ ಸರ್ ಪೂರ್ತಿ ಡೋಸ್ ಜೆಂಟಾಮೈಸಿನ್ ಬರೆಸಿದರು, ಅದು ಕಿಡ್ನಿಗೆ ಏಟು ಕೊಡೋ ಔಷಧಿ. ಸರ್, ಕ್ರಿಯಾಟಿನಿನ್ ಜಾಸ್ತಿ ಇದೆ ಅಂದೆ. ಎಲ್ಲರ ಮುಂದೆನೇ ಬೈದರು. ಪೋಸ್ಟಿಂಗ್ ಮುಗಿಯೋವರೆಗೂ ನನ್ನ ಮುಖ ನೋಡಲಿಲ್ಲ. ಇಲ್ಲಿ ಬಾಯಿ ಮುಚ್ಕೊಂಡಿದ್ರೆ ಬದುಕ್ತೀಯ ಅಂತ ಪಿಜಿ ಓದ್ತಿದ್ದ ಅಕ್ಕ ಹೇಳಿದರು.’

‘ಆ ಡೋಸ್ ಏನಾಯಿತು?’

‘ಬದಲಾಯಿಸಿದರು. ಸಿಸ್ಟರ್ ಕೊಡೋದಕ್ಕೆ ಮುಂಚೆನೇ.’

‘ಹಾಗಾದರೆ ಈ ಪ್ರಶ್ನೆಗೆ ನೀವು ಆವತ್ತೇ ಸರಿ ಉತ್ತರ ಕೊಟ್ಟಿದ್ದಿರಿ’ ಎಂದೆ.

ಅವರು ಮತ್ತೆ ಅತ್ತರು. ಈ ಸಲದ ಅಳು ಬೇರೆ ಥರದ್ದು. ‘ಸರಿ ಮಾಡಿದ್ದಕ್ಕೇ ಏಟು ತಿಂದೆ ಅಲ್ವಾ ಮೇಡಂ’ ಎಂದರು. ಅಲ್ಲಿಂದಾಚೆ ಭೇಟಿಯಲ್ಲಿ ‘ನಾನು ಕೆಟ್ಟವಳು’ ಎಂಬ ಮಾತು ಬರಲಿಲ್ಲ. ಎಲ್ಲೆಲ್ಲಿ, ಯಾರ ಮುಂದೆ ಬಾಯಿ ಕಟ್ಟುತ್ತದೆ ಎಂಬುದನ್ನು ಮಾತಾಡಿದೆವು.

ನಾನು ಕೊಟ್ಟ ಸಲಹೆ ಇಷ್ಟು. ಹೊಸ ಪ್ರಶ್ನೆಬ್ಯಾಂಕ್ ಕೊಳ್ಳಬೇಡಿ. ಅಲ್ಲಿನ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್‌ನ ‘ಗುಡ್ ಮೆಡಿಕಲ್ ಪ್ರಾಕ್ಟೀಸ್’ ಮಾರ್ಗಸೂಚಿ ಓದಿ, ಉತ್ತರಗಳ ಬೇರು ಅಲ್ಲಿದೆ. ಪ್ರತಿ ಪ್ರಶ್ನೆಯಲ್ಲೂ ಮೊದಲು ‘ಈಗಿಂದೀಗಲೇ ಯಾರಿಗೆ ಅಪಾಯ?’ ಎಂದು ಕೇಳಿಕೊಳ್ಳಿ. ಸೀನಿಯರ್‌ಗೆ ಬೇಜಾರಾಗುತ್ತದಾ ಎಂಬುದು ಆಮೇಲಿನ ಮಾತು. ವಾರಕ್ಕೊಂದು ಸಲವಾದರೂ ವಾರ್ಡಿನಲ್ಲಿ ನಿಜವಾಗಿ ನಡೆದದ್ದನ್ನು ಸೂಪರ್‌ವೈಸರ್ ಜೊತೆ ಮಾತಾಡಿ. ಬೈಗುಳ ಬರುತ್ತದೆಂಬ ಭಯ ಪುಸ್ತಕ ಓದಿ ಹೋಗುವಂಥದ್ದಲ್ಲ. ಮಾತಾಡಿ, ಬೈಗುಳ ಬರಲಿಲ್ಲ ಎಂದು ಕಂಡಾಗಲೇ ಅದು ಕರಗುವುದು.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, ‘ನೀನು ಅವರಿಗೆ ಬ್ರಿಟಿಷರ ಹಾಗೆ ಉತ್ತರಿಸಲು ಕಲಿಸುತ್ತಿದ್ದೀಯ’ ಎಂದು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ತಪ್ಪು ಡೋಸ್ ನಿಲ್ಲಿಸುವುದು ಯಾವ ದೇಶದ ಆಚಾರವೂ ಅಲ್ಲ. ಆದರೆ ಅವರ ಮಾತಿನಲ್ಲಿ ಒಂದು ನಿಜವಿದೆ. ಬ್ರಿಟನ್ನಿನಲ್ಲಿ ಹೊರಗೆ ಓದಿ ಬಂದವರು ಇಂಥ ಪರೀಕ್ಷೆಗಳಲ್ಲಿ ಸರಾಸರಿ ಕಡಿಮೆ ಅಂಕ ಪಡೆಯುತ್ತಾರೆ. ಯಾರಿಗೆ ಕರೆ ಮಾಡಬೇಕು, ಏನನ್ನು ಬರೆದಿಡಬೇಕು ಎಂಬ ಅಲ್ಲಿನ ರೂಢಿ ಗೊತ್ತಿಲ್ಲದಿದ್ದರೆ ಒಳ್ಳೆಯವರೂ ಎಡವುತ್ತಾರೆ.

ಹಾಗಂತ ಎಸ್‌ಜೆಟಿಯನ್ನು ಸುಮ್ನೆ ತಳ್ಳಿಹಾಕುವವಳೂ ನಾನಲ್ಲ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ವೈದ್ಯಕೀಯ ಪ್ರವೇಶಕ್ಕೆ ವಿಡಿಯೋ ತೋರಿಸಿ ಇಂಥ ಪರೀಕ್ಷೆ ನಡೆಸುತ್ತಿದ್ದರು. ಸಂಶೋಧಕರಾದ ಲೀವೆನ್ಸ್ ಮತ್ತು ಸ್ಯಾಕೆಟ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಅಂಕಕ್ಕೂ ವರ್ಷಗಳ ನಂತರದ ಇಂಟರ್ನ್‌ಶಿಪ್ ಮತ್ತು ಕೆಲಸದ ಗುಣಮಟ್ಟಕ್ಕೂ ನಂಟು ಕಂಡಿತು. ಇನ್ನೊಂದು ಕಡೆ, ಬ್ರಿಟನ್ನಿನಲ್ಲಿ ವೈದ್ಯಕೀಯ ಪದವಿ ಮುಗಿದ ಕೂಡಲೇ ಮಾಡುವ ಫೌಂಡೇಷನ್ ತರಬೇತಿಗೆ 2013ರಿಂದ 100ರಲ್ಲಿ 50 ಅಂಕ ಎಸ್‌ಜೆಟಿಗೆ ಇತ್ತು; 2024ರ ಹಂಚಿಕೆಯಿಂದ ಅದನ್ನು ಕೈಬಿಟ್ಟರು. ಸಾವಿರಾರು ಅಭ್ಯರ್ಥಿಗಳನ್ನು ಜರಡಿ ಹಿಡಿಯಲು ಒಂದು ಸಾಧನ ಬೇಕು, ಇದು ಅಂಥದ್ದೊಂದು. ಏನು ಮಾಡಬೇಕು ಎಂಬುದು ನಿಮಗೆ ಗೊತ್ತೇ ಎಂದು ಅದು ಕೇಳುತ್ತದೆ. ನಡುರಾತ್ರಿ ವಾರ್ಡಿನಲ್ಲಿ ನೀವು ಏನು ಮಾಡುತ್ತೀರಿ ಎಂಬುದನ್ನು ಅದು ನೋಡಿಲ್ಲ. ಎಂಎಸ್‌ಆರ್‌ಎಯ ಒಂದೊಂದು ಪತ್ರಿಕೆಯ ಅಂಕವನ್ನಂತೂ ಸರಾಸರಿ 250 ಬರುವಂತೆ ಹೊಂದಿಸುತ್ತಾರೆ. ಉಳಿದವರಿಗೆ ಹೋಲಿಸಿದರೆ ನೀವೆಲ್ಲಿದ್ದೀರಿ ಎಂಬುದನ್ನಷ್ಟೇ ಅದು ಹೇಳುತ್ತದೆ.

ನನಗೆ ಜಾಸ್ತಿ ಸಂಕಟ ನಮ್ಮ ಕಡೆಯದ್ದೇ. ನೀಟ್‌ನ 720 ಅಂಕವೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಕ್ಕೆ. 2019ರಿಂದ ಎಂಬಿಬಿಎಸ್‌ನಲ್ಲಿ ನೈತಿಕತೆ, ಸಂವಹನದ ಪಾಠ ಬಂದಿದೆ, ಒಳ್ಳೆಯದು. ಆದರೆ ರೌಂಡ್ಸ್‌ನಲ್ಲಿ ‘ಸರ್, ಇದು ತಪ್ಪಲ್ವಾ?’ ಎಂದವರ ಬಾಯಿ ಮುಚ್ಚಿಸಿದರೆ ಆ ಪಾಠಕ್ಕೆ ಏನು ಬೆಲೆ? ಕಲಿಸುವ ಸ್ಥಾನದಲ್ಲಿರುವ ಡಾಕ್ಟರುಗಳು ಇದನ್ನು ಓದುತ್ತಿದ್ದರೆ, ಮುಂದಿನ ಸಲ ಇಂಟರ್ನ್ ಒಬ್ಬರು ಬಾಯಿ ತೆರೆದಾಗ ಮೊದಲು ಕೇಸ್‌ಶೀಟ್ ನೋಡಿ.

ಆ ಡಾಕ್ಟರ್ ಮುಂದಿನ ಸುತ್ತಿಗೆ ಅರ್ಜಿ ಹಾಕಿದ್ದಾರೆ. ಅಮ್ಮನ ಫೋನ್ ಎತ್ತುತ್ತಿದ್ದಾರೆ. ಇದೇ ಸ್ಥಿತಿಯಲ್ಲಿರುವವರು ಸಲಹೆಗೆ ಬರುವಾಗ ಅಂಕಪಟ್ಟಿ ಬೇಡ, ತಪ್ಪಿದ ಒಂದು ಪ್ರಶ್ನೆಯನ್ನು ತನ್ನಿ. ಅಲ್ಲಿಂದಲೇ ಮಾತು ಶುರು ಮಾಡೋಣ.