ಎಪಿಯು ಕೆಟ್ಟ ವಿಮಾನ ಹಾರಬಹುದೇ?

ನೀವು ಚಿಕ್ಕಬಳ್ಳಾಪುರದಿಂದ ಬಂದು ದೇವನಹಳ್ಳಿಯಲ್ಲಿ ಹತ್ತಿದ ವಿಮಾನ, ಎಪಿಯು ಕೆಟ್ಟಿದೆ ಎಂದು ಒಂದು ಗಂಟೆ ಸೆಖೆಯಲ್ಲೇ ನಿಂತು, ರಿಪೇರಿ ಇಲ್ಲದೆಯೇ ಹೊರಟಿತು, ಇದು ಸರಿಯೇ ಅಂತ ಕೇಳಿದ್ದೀರಿ. ಹೌದು, ಸರಿ; ನಿಯಮದಲ್ಲೇ ಅವಕಾಶವಿದೆ.

ಎಪಿಯು ಅಂದರೆ ಬಾಲದಲ್ಲಿರುವ ಪುಟ್ಟ ಎಂಜಿನ್. ನೆಲದಲ್ಲಿ ಕರೆಂಟು, ಎಸಿ, ಎಂಜಿನ್ ಸ್ಟಾರ್ಟಿಗೆ ಗಾಳಿ ಕೊಡುತ್ತದೆ. ಅದಿಲ್ಲದಿದ್ದರೆ ಹೊರಗಿನ ಗಾಳಿಯಂತ್ರದ ಪೈಪು ಸಿಕ್ಕಿಸಿ ಒಂದು ಎಂಜಿನ್ ಸ್ಟಾರ್ಟ್ ಮಾಡಿ, ಅದರ ಗಾಳಿಯಿಂದ ಇನ್ನೊಂದನ್ನು ಎಬ್ಬಿಸುತ್ತಾರೆ. ನಿಮಗೆ ಸೆಖೆಯಾಗಿದ್ದು ಎಪಿಯು ಇಲ್ಲದೆ ನೆಲದಲ್ಲಿ ಎಸಿ ಸಿಗದ್ದಕ್ಕೇ.

ಯಾವ ದೋಷ ಇದ್ದರೂ ಹಾರಬಹುದು ಎಂಬ ಪಟ್ಟಿ ವಿಮಾನ ಕಂಪನಿಯ ಕೈಪಿಡಿಯಾದ ಎಂಇಎಲ್‌ನಲ್ಲಿರುತ್ತದೆ. ಅದರಲ್ಲಿ ದೋಷಗಳನ್ನು ವರ್ಗ ಮಾಡಿ ಗಡುವು ಕೊಟ್ಟಿರುತ್ತಾರೆ: ಸರಿಪಡಿಸಲು ಬಿ ವರ್ಗಕ್ಕೆ 3 ದಿನ, ಸಿಗೆ 10, ಡಿಗೆ 120. ದೋಷ ಕಂಡ ದಿನ ಲೆಕ್ಕಕ್ಕಿಲ್ಲ. ಲೈಸೆನ್ಸ್ ಇರುವ ಎಂಜಿನಿಯರ್ ವಿಮಾನದ ದೋಷ ದಾಖಲೆ ಪುಸ್ತಕವಾದ ಟೆಕ್ ಲಾಗ್‌ನಲ್ಲಿ ಬರೆದು, ಕಾಕ್‌ಪಿಟ್‌ನಲ್ಲಿ ಸ್ವಿಚ್ ಪಕ್ಕ ಚೀಟಿ ಅಂಟಿಸಿ ಸಹಿ ಹಾಕಬೇಕು. ಈ ಕಾಗದಕ್ಕೂ ತಡವಾಗಬಹುದು. ಆಮೇಲೂ ಕ್ಯಾಪ್ಟನ್ ಒಲ್ಲೆ ಎನ್ನಬಹುದು.