ನೆರಳು ಬೀಳುವ ಛಾವಣಿಗೆ 5 ಕಿಲೋವ್ಯಾಟ್ ಸೋಲಾರ್ ಬೇಕೇ?

ಮಧ್ಯಾಹ್ನ 3ರ ನಂತರ ಟ್ಯಾಂಕಿನ ನೆರಳು ಬೀಳುವ ಛಾವಣಿಗೆ 5 ಕಿಲೋವ್ಯಾಟ್ ಹಾಕಿಸಿದರೆ ದುಡ್ಡು ವಾಪಸ್ ಬರುತ್ತದಾ, ಬ್ಯಾಟರಿಯೂ ಬೇಕಾ ಎಂದು ಕೇಳಿದ್ದೀರಿ.

ಮೊದಲು 12 ತಿಂಗಳ ಬಿಲ್ ತೆಗೆದು ಯೂನಿಟ್ ಕೂಡಿಸಿ, ಅದರಲ್ಲಿ ಹಗಲಿನ ಬಳಕೆ ಎಷ್ಟೆಂದು ಅಂದಾಜು ಮಾಡಿ. ನೀವೇ ಬಳಸಿದ ಯೂನಿಟ್ ಪೂರ್ತಿ ದರ ಉಳಿಸುತ್ತದೆ. ಗ್ರಿಡ್‌ಗೆ, ಅಂದರೆ ವಿದ್ಯುತ್ ಕಂಪನಿಯ ಲೈನಿಗೆ, ಕೊಟ್ಟಿದ್ದಕ್ಕೆ ಹಲವು ಕಡೆ ಸಿಗುವುದು ಕಡಿಮೆ. ಹಗಲು ಮನೆ ಖಾಲಿಯಿದ್ದರೆ 3 ಕಿಲೋವ್ಯಾಟಿನ ಲೆಕ್ಕವನ್ನೂ ಹಾಕಿ ನೋಡಿ.

ನೆರಳನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲೆಲ್ಲ ಹರಿಯುವ ಕರೆಂಟ್ ಒಂದೇ, ಹಾಗಾಗಿ ಒಂದರ ಮೇಲಿನ ನೆರಳು ಉಳಿದವನ್ನೂ ತಡೆಯಬಹುದು. ಅಂಗೈಯಗಲದ ನೆರಳು ಬಿದ್ದರೂ ಬೈಪಾಸ್ ಡಯೋಡ್ (ನೆರಳಿನ ಭಾಗವನ್ನು ಬಿಟ್ಟು ಕರೆಂಟಿಗೆ ಅಡ್ಡದಾರಿ ಕೊಡುವ ಬಿಡಿಭಾಗ) ಆ ಪ್ಯಾನೆಲಿನ ಒಂದು ಭಾಗವನ್ನೇ, ಸಾಮಾನ್ಯವಾಗಿ ಮೂರನೇ ಒಂದರಷ್ಟನ್ನು, ಬದಿಗಿಡಬಹುದು. ಚಳಿಗಾಲದಲ್ಲಿ ನೆರಳು ಇನ್ನೂ ಉದ್ದ, ಆಗಿನದನ್ನೇ ಅಳೆಯಿರಿ. ಆ ಜಾಗ ಬಿಟ್ಟುಬಿಡುವುದು ಅತಿ ಅಗ್ಗದ ಪರಿಹಾರ. ಆಗದಿದ್ದರೆ ಆ ಪ್ಯಾನೆಲ್‌ಗಳಿಗೆ ಮಾತ್ರ ಆಪ್ಟಿಮೈಜರ್ (ಒಂದರ ನೆರಳು ಉಳಿದವನ್ನು ತಗ್ಗಿಸದಂತೆ ನೋಡಿಕೊಳ್ಳುವ ಸಾಧನ) ಹಾಕಿಸಿ.

ಬ್ಯಾಟರಿ ಇಲ್ಲದ ಸಾಮಾನ್ಯ ಗ್ರಿಡ್ ಇನ್ವರ್ಟರ್ (ಪ್ಯಾನೆಲಿನ ವಿದ್ಯುತ್ತನ್ನು ಮನೆ ಬಳಕೆಗೆ ತಕ್ಕಂತೆ ಬದಲಿಸುವ ಸಾಧನ) ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ, ಎಷ್ಟೇ ಬಿಸಿಲಿದ್ದರೂ. ಲೈನಿನಲ್ಲಿ ಕೆಲಸ ಮಾಡುವವರ ಜೀವ ಉಳಿಸುವ ವ್ಯವಸ್ಥೆ ಅದು. ಕರೆಂಟ್ ಹೋಗುವುದು ಅಪರೂಪವಾದರೆ ಈಗ ಬ್ಯಾಟರಿ ಬೇಡ. ಬ್ಯಾಟರಿಗೂ ಜಾಗವಿರುವ ಹೈಬ್ರಿಡ್ ಇನ್ವರ್ಟರ್ ತೆಗೆದುಕೊಂಡರೆ ಅದನ್ನು ಮುಂದೆ ಸೇರಿಸಬಹುದು.

ಖರ್ಚಿನ ಲೆಕ್ಕದಲ್ಲಿ ಬಹಳ ಜನ ಬಿಡುವುದು ಇನ್ವರ್ಟರನ್ನು. ಪ್ಯಾನೆಲ್ 25 ವರ್ಷ ಬಾಳಿದರೂ ಇನ್ವರ್ಟರ್ 10ರಿಂದ 15 ವರ್ಷಕ್ಕೆ ಬದಲಾಗುತ್ತದೆ. ಛಾವಣಿ ಸೋರುತ್ತಿದ್ದರೆ ಅದನ್ನು ಮೊದಲೇ ಸರಿಪಡಿಸಿ, ಇಲ್ಲದಿದ್ದರೆ ಆಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಕೂರಿಸಲು ದಂಡ ತೆರಬೇಕಾಗುತ್ತದೆ.